ದೇಹದ ಹಕ್ಕು, ಮನೆಯವರ ಹಕ್ಕು: ತಲಕಾಡಿಗೆ ಹೊರಡುವ ಮುನ್ನ

ಬೇಸಿಗೆ ರಜೆಗೆ ಸ್ವಲ್ಪ ಮುಂಚಿನ ಒಂದು ಜುಮಾ. ಅಂದಿನ ಖುತ್ಬಾದ ವಿಷಯ ‘ದೇಹದ ಹಕ್ಕು’. ನಮಾಝ್ ಮುಗಿದು ಜನ ಹೊರಬರುವಾಗ ಸಹೋದರರೊಬ್ಬರು ಇಮಾಮರನ್ನು ಪಕ್ಕಕ್ಕೆ ಕರೆದು ಸಂಕೋಚದಿಂದಲೇ ಕೇಳಿದರು:

“ಹಝ್ರತ್, ಮಕ್ಕಳಿಗೆ ರಜೆ. ಎರಡು ದಿನ ಮೈಸೂರಿನಲ್ಲಿದ್ದು ತಲಕಾಡು ನೋಡಿಕೊಂಡು ಬರೋಣ ಅಂತ ಇದ್ದೇವೆ. ಉಳಿಯುವ ಹೋಟೆಲಿನಲ್ಲಿ ಸ್ಪಾ ಇದೆಯಂತೆ. ಮನೆಯವರಿಗೆ ಸೊಂಟ ನೋವು, ಒಂದು ಸಲ ಹೋಗಿ ಬರಲಿ ಅಂತ ಮಗಳು ಹೇಳ್ತಾಳೆ. ನಮ್ಮ ಅಮ್ಮಿ ಮಾತ್ರ, ಇದೆಲ್ಲ ನಮ್ಮಂಥವರಿಗಲ್ಲ ಅಂತಾರೆ. ಹೋಗಬಹುದೋ, ಬಾರದೋ?”

ಇಮಾಮರು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. “ನಿಮ್ಮ ಮನೆಯವರು ಒಂದಿಡೀ ಹಗಲು ಕೆಲಸವಿಲ್ಲದೆ ಕೂತದ್ದು ಕೊನೆಯ ಸಲ ಯಾವಾಗ?” ಎಂದು ಮರುಪ್ರಶ್ನೆ ಹಾಕಿದರು. ಸಹೋದರರು ಯೋಚಿಸಿದರು. ಉತ್ತರ ಹೊಳೆಯಲಿಲ್ಲ. “ಮೊದಲು ಆ ಲೆಕ್ಕ ಹಾಕಿ. ಸ್ಪಾದ ಮಾತು ಆಮೇಲೆ ಆಡೋಣ” ಎಂದರು ಇಮಾಮರು.

ಆ ದಿನದ ಖುತ್ಬಾದ ಸಾರವನ್ನೂ, ಆ ಸಹೋದರರ ಪ್ರಶ್ನೆಗೆ ಇಮಾಮರು ನಂತರ ಕೊಟ್ಟ ವಿವರಣೆಯನ್ನೂ, ತಲಕಾಡಿನಂತಹ ಜಾಗಕ್ಕೆ ಹೋಗುವ ಕುಟುಂಬಗಳು ತಿಳಿದಿರಬೇಕಾದ ಕೆಲವು ಸಂಗತಿಗಳನ್ನೂ ಇಲ್ಲಿ ಸೇರಿಸಿ ಕೊಡಲಾಗಿದೆ.

ಸಲ್ಮಾನ್(ರ)ರ ಕಣ್ಣಿಗೆ ಬಿದ್ದದ್ದು

ಪ್ರವಾದಿ(ಸ)ರು ಹಝ್ರತ್ ಸಲ್ಮಾನ್ ಫಾರಿಸಿ(ರ) ಮತ್ತು ಹಝ್ರತ್ ಅಬೂ ದರ್ದಾ(ರ) ಅವರ ನಡುವೆ ಸೋದರ ಸಂಬಂಧ ಏರ್ಪಡಿಸಿದ್ದರು. ಒಮ್ಮೆ ಸಲ್ಮಾನ್(ರ)ರು ಈ ಸೋದರನ ಮನೆಗೆ ಹೋದರು. ಅವರು ಮೊದಲು ಗಮನಿಸಿದ್ದು ಮನೆಯ ಯಜಮಾನರ ಇಬಾದತ್ತನ್ನಲ್ಲ, ಆ ಮನೆಯ ಹೆಣ್ಣುಮಗಳ ಸ್ಥಿತಿಯನ್ನು. ಉಮ್ಮು ದರ್ದಾ(ರ) ತೀರಾ ಮಾಸಿದ ಉಡುಪಿನಲ್ಲಿದ್ದರು. ಹೀಗೇಕೆ ಎಂದು ಕೇಳಿದಾಗ, ನಿಮ್ಮ ಸೋದರರಿಗೆ ಈ ಲೋಕದ ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಅವರು ತಿಳಿಸಿದರು. ಅಬೂ ದರ್ದಾ(ರ)ರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂಬಂತಿದ್ದರು.

ಸಲ್ಮಾನ್(ರ)ರು ಅಂದು ಅವರನ್ನು ತಮ್ಮ ಜೊತೆ ಊಟಕ್ಕೆ ಕೂರಿಸಿಕೊಂಡರು. ರಾತ್ರಿ ನಮಾಝ್‌ಗೆ ಎದ್ದಾಗ ಮಲಗುವಂತೆ ಹೇಳಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ಜೊತೆಯಾಗಿ ನಮಾಝ್ ಮಾಡಿದರು. ನಿನ್ನ ಪ್ರಭುವಿಗೆ ನಿನ್ನ ಮೇಲೆ ಹಕ್ಕಿದೆ, ಹಾಗೆಯೇ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸಬೇಕು ಎಂಬುದು ಅವರ ಉಪದೇಶ. ಸಂಗತಿ ಪ್ರವಾದಿ(ಸ)ರ ಬಳಿಗೆ ಹೋದಾಗ ಅವರು ಸಲ್ಮಾನ್(ರ)ರ ಮಾತೇ ಸರಿ ಎಂದರು. ಸಹೀಹ್ ಬುಖಾರಿಯಲ್ಲಿ ಈ ಘಟನೆ ಬಂದಿದೆ.

ಇದರಲ್ಲಿ ಎರಡು ಪಾಠಗಳಿವೆ. ಒಂದು, ವಿಶ್ರಾಂತಿ ಎಂಬುದು ಸೋಮಾರಿತನವಲ್ಲ. ದೇಹ ಅಲ್ಲಾಹನ ಅಮಾನತ್ತು. ಅದಕ್ಕೆ ಊಟ, ನಿದ್ದೆ, ಬಿಡುವು ಕೊಡುವುದು ಅಮಾನತ್ತಿನ ಪಾಲನೆಯೇ. ಪವಿತ್ರ ಕುರ್‌ಆನ್ ನಿದ್ದೆಯನ್ನು ವಿಶ್ರಾಂತಿಯ ಸಾಧನವೆಂದು ಅಲ್ಲಾಹನ ಅನುಗ್ರಹಗಳ ಪಟ್ಟಿಯಲ್ಲೇ ಸೇರಿಸಿದೆ. ಎರಡನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ: ದೇಹದ ಹಕ್ಕು ನಮ್ಮ ದೇಹಕ್ಕೆ ಮಾತ್ರ ಇರುವುದಲ್ಲ, ನಮ್ಮ ಜೊತೆ ಬಾಳುವವರ ದೇಹಕ್ಕೂ ಇದೆ. ಒಂದು ಪ್ರವಾಸ ಚೆನ್ನಾಗಿತ್ತೇ ಎಂದು ಅಳೆಯಬೇಕಾದರೆ ಎಷ್ಟು ಜಾಗ ನೋಡಿದೆವು ಎಂದಲ್ಲ, ಮನೆಯಲ್ಲಿ ಅತಿ ಹೆಚ್ಚು ದಣಿದವರಿಗೆ ಎಷ್ಟು ಬಿಡುವು ಸಿಕ್ಕಿತು ಎಂದು ಕೇಳಬೇಕು.

ಹಮಾಮ್ ನಮಗೆ ಹೊಸದಲ್ಲ

“ಇದೆಲ್ಲ ನಮ್ಮಂಥವರಿಗಲ್ಲ” ಎಂದ ಅಮ್ಮಿಯವರ ಮಾತಿನಲ್ಲಿ ಎಚ್ಚರಿಕೆ ಇದೆ, ಅದು ಬೇಕಾದದ್ದೇ. ಆದರೆ ಬಿಸಿನೀರು, ಹಬೆ, ಎಣ್ಣೆ, ಮಾಲೀಸು ಇವು ಮುಸ್ಲಿಮ್ ಸಮಾಜಕ್ಕೆ ಹೊರಗಿನಿಂದ ಬಂದವಲ್ಲ. ‘ಹಮ್ಮಾಮ್’ ಎಂಬ ಅರಬಿ ಪದದ ಮೂಲದಲ್ಲೇ ಬಿಸಿ ಎಂಬ ಅರ್ಥವಿದೆ. ನಮ್ಮ ಅಂಗಡಿಗಳಲ್ಲಿ ದಶಕಗಳಿಂದ ಸಿಗುವ ಹಮಾಮ್ ಸಾಬೂನಿನ ಹೆಸರೂ ಅದೇ ಪದ. ಬೀದರ್ ಕೋಟೆಗೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯವನ್ನು ನೋಡಿರಬಹುದು. ಆ ಕಟ್ಟಡ ಹಿಂದೆ ಅರಮನೆಯ ಶಾಹಿ ಹಮಾಮ್ ಆಗಿತ್ತು. ಇಸ್ತಾಂಬುಲ್ಲಿನಲ್ಲಿ ಮಹಾ ವಾಸ್ತುಶಿಲ್ಪಿ ಸಿನಾನ್ 1584ರಲ್ಲಿ ಕಟ್ಟಿದ ಚೆಂಬರ್ಲಿತಾಷ್ ಹಮಾಮ್ ಇಂದಿಗೂ ನಡೆಯುತ್ತಿದೆ. ಅದನ್ನು ಕಟ್ಟುವಾಗಲೇ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗ ಮಾಡಲಾಗಿತ್ತು.

ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಸ್ನಾನ ಮತ್ತು ಮಾಲೀಸಿನ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಯುನಾನಿ ಪದ್ಧತಿಯಲ್ಲಿ ‘ಇಲಾಜ್ ಬಿತ್ತದ್‌ಬೀರ್’ ಎಂಬ ಶಾಖೆಯೇ ಇದೆ. ಔಷಧಿ ಕುಡಿಸುವ ಬದಲು ಹಮಾಮ್, ದಲ್ಕ್ ಅಂದರೆ ಮಾಲೀಸು, ಹಿಜಾಮಾ ಮುಂತಾದ ಕ್ರಮಗಳಿಂದ ಉಪಚರಿಸುವ ಶಾಖೆ ಅದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇದನ್ನು ಕಲಿಸುತ್ತಾರೆ, ಉಪಚಾರವನ್ನೂ ಕೊಡುತ್ತಾರೆ. ಸೊಂಟ ನೋವು ಹಳೆಯದಾಗಿದ್ದರೆ ಹೋಟೆಲಿನ ಸ್ಪಾಕ್ಕಿಂತ ಮೊದಲು ಇಂತಹ ಕಡೆ ಅಥವಾ ವೈದ್ಯರ ಬಳಿ ತೋರಿಸುವುದು ಒಳ್ಳೆಯದು. ಸ್ಪಾ ದಣಿವಿಗೆ, ಕಾಯಿಲೆಗೆ ವೈದ್ಯರು.

ಕಪಿಲಾ ಮತ್ತು ಕಾವೇರಿ ತೀರದ ಈ ಸೀಮೆಯಲ್ಲಿ ನೀರಿಗೂ ಆರೋಗ್ಯಕ್ಕೂ ನಂಟು ಹಳೆಯದು. ನಂಜನಗೂಡಿನ ದೇವರನ್ನು ಟಿಪ್ಪು ಸುಲ್ತಾನರು ‘ಹಕೀಮ್ ನಂಜುಂಡ’ ಎಂದು ಕರೆದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ವೈದ್ಯನನ್ನು ಹಕೀಮ್ ಎನ್ನುವ ನಮ್ಮ ಮಾತು ನೆರೆಯವರ ನಾಲಿಗೆಗೂ ಹೀಗೆ ಹತ್ತಿಕೊಂಡಿದೆ.

ಸ್ಪಾದ ಬಾಗಿಲು ತಟ್ಟುವ ಮುನ್ನ

ಹಮಾಮ್ ಮುಸ್ಲಿಮ್ ನಗರಗಳ ಭಾಗವಾಗಿದ್ದರೂ ಅದಕ್ಕೆ ಷರತ್ತುಗಳಿದ್ದವು. ಲುಂಗಿಯಂತಹ ಉಡುಪಿಲ್ಲದೆ ಗಂಡಸರು ಹಮಾಮಿನೊಳಗೆ ಹೋಗಬಾರದೆಂದು ಪ್ರವಾದಿ(ಸ)ರು ತಡೆದಿದ್ದಾರೆ. ಸಿರಿಯಾದಿಂದ ಬಂದ ಕೆಲವು ಹೆಂಗಸರು ಸಾರ್ವಜನಿಕ ಹಮಾಮಿಗೆ ಹೋಗುವವರೆಂದು ತಿಳಿದಾಗ ಹಝ್ರತ್ ಆಯಿಶಾ(ರ) ಅದನ್ನು ಮೆಚ್ಚಲಿಲ್ಲ. ಮನೆಯ ಹೊರಗೆ ಉಡುಪು ಕಳಚುವ ಬಗ್ಗೆ ಪ್ರವಾದಿ(ಸ)ರಿಂದ ತಾವು ಕೇಳಿದ್ದ ಕಠಿಣ ಎಚ್ಚರಿಕೆಯನ್ನು ಅವರಿಗೆ ತಿಳಿಸಿದರು. ಈ ಹದೀಸಿನ ಆಧಾರದಲ್ಲಿ ಕೆಲವು ಉಲಮಾಗಳು ಮಹಿಳೆಯರು ಇಂತಹ ಕಡೆಗೆ ಹೋಗುವುದನ್ನೇ ಒಪ್ಪುವುದಿಲ್ಲ. ಉಪಚಾರದ ಅಗತ್ಯವಿದ್ದು, ಮೈ ಮುಚ್ಚಿರುತ್ತದೆ ಮತ್ತು ಪರಪುರುಷರ ಕಣ್ಣು ಬೀಳುವುದಿಲ್ಲ ಎಂಬ ಖಾತರಿ ಇದ್ದರೆ ಹೋಗಬಹುದು ಎನ್ನುವವರೂ ಇದ್ದಾರೆ. ನೀವು ಅನುಸರಿಸುವ ಆಲಿಮರನ್ನು ಕೇಳಿ ನಡೆಯಿರಿ.

ಹೋಗುವುದೆಂದು ತೀರ್ಮಾನವಾದರೆ, ಹಣ ಕಟ್ಟುವ ಮುನ್ನ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿಬಿಡಿ. ಮಹಿಳೆಯರಿಗೆ ಮಾಲೀಸು ಮಾಡುವವರು ಮಹಿಳೆಯರೇ? ಆ ಹೊತ್ತಿನಲ್ಲಿ ಒಳಗೆ ಗಂಡಸು ಸಿಬ್ಬಂದಿ ಓಡಾಡುತ್ತಾರೆಯೇ? ಕೋಣೆಗೆ ಒಳಗಿನಿಂದ ಚಿಲಕ ಇದೆಯೇ? ಹಬೆ ಕೋಣೆ ಒಬ್ಬೊಬ್ಬರಿಗೇ ಬೇರೆಯೇ, ಎಲ್ಲರಿಗೂ ಒಂದೆಯೇ? ಕ್ಯಾಮೆರಾ ಎಲ್ಲೆಲ್ಲಿ ಹಾಕಿದ್ದಾರೆ? ಹೀಗೆ ಕೇಳಲು ನಾಚಿಕೊಳ್ಳಬೇಕಿಲ್ಲ. ಒಳ್ಳೆಯ ಕಡೆಯವರು ಸ್ಪಷ್ಟವಾಗಿ ಉತ್ತರ ಕೊಡುತ್ತಾರೆ. ಉತ್ತರ ತೇಲಿಸಿ ಹೇಳಿದರೆ ಅಲ್ಲಿಗೆ ಹೋಗದಿರುವುದೇ ಕ್ಷೇಮ.

ಹೆಂಗಸರ ಮುಂದೆ ಹೆಂಗಸರಿಗೂ, ಗಂಡಸರ ಮುಂದೆ ಗಂಡಸರಿಗೂ ಮರೆ ಇದೆ ಎಂಬುದನ್ನು ನೆನಪಿಡಬೇಕು. ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗವನ್ನು ವೈದ್ಯಕೀಯ ಅಗತ್ಯವಿಲ್ಲದೆ ಇನ್ನೊಬ್ಬರು ನೋಡುವುದಾಗಲಿ ಮುಟ್ಟುವುದಾಗಲಿ ಸರಿಯಲ್ಲ. ತಲೆ, ಕುತ್ತಿಗೆ, ಹೆಗಲು, ಕೈ, ಪಾದ ಇಷ್ಟಕ್ಕೇ ಮಾಲೀಸು ಸಾಕು ಎಂದು ಮೊದಲೇ ಹೇಳಬಹುದು. ದಣಿವಿನ ಬಹುಪಾಲು ಅಲ್ಲೇ ಇರುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಎಚ್ಚರ ಬೇಕು. ಬಿಸಿಗೆ ರಕ್ತನಾಳಗಳು ಅಗಲವಾಗುತ್ತವೆ, ಬಿಗಿದ ಸ್ನಾಯು ಸಡಿಲಾಗುತ್ತದೆ, ಹಾಯೆನಿಸುತ್ತದೆ. ಅದೇ ಕಾರಣಕ್ಕೆ ರಕ್ತದೊತ್ತಡ ಇಳಿದು, ಥಟ್ಟನೆ ಎದ್ದು ನಿಂತರೆ ತಲೆಸುತ್ತು ಬರಬಹುದು. ಗರ್ಭಿಣಿಯರು, ಹೃದ್ರೋಗ ಅಥವಾ ಬಿಪಿ ಇರುವವರು, ಜ್ವರ ಇರುವವರು ವೈದ್ಯರನ್ನು ಕೇಳದೆ ಹಬೆ ಕೋಣೆಗೆ ಹೋಗಬಾರದು. ಹೊಟ್ಟೆ ತುಂಬ ಉಂಡ ಕೂಡಲೇ ಹೋಗಬಾರದು. ಮುಂಚೆಯೂ ಆಮೇಲೂ ನೀರು ಕುಡಿಯಬೇಕು.

ವುಝೂ ಬಗ್ಗೆಯೂ ಒಂದು ಮಾತು. ಮೈಗೆ ಹಚ್ಚಿದ ಎಣ್ಣೆಯ ಜಿಡ್ಡಿನಿಂದ ವುಝೂ ಕೆಡುವುದಿಲ್ಲ, ನೀರು ಚರ್ಮಕ್ಕೆ ತಾಗಿದರೆ ಸಾಕು. ಆದರೆ ಒಣಗಿ ಪದರವಾದ ಫೇಸ್‌ಪ್ಯಾಕ್, ಉಗುರಿನ ಬಣ್ಣ ಇವು ನೀರನ್ನು ತಡೆಯುತ್ತವೆ. ವುಝೂ ಮತ್ತು ಗುಸ್ಲ್‌ಗೆ ಮುನ್ನ ಅವನ್ನು ತೆಗೆಯಬೇಕು. ಝುಹರ್ ಮುಗಿಸಿ ಹೋಗಿ ಅಸರ್‌ಗೆ ಮುಂಚೆ ಹೊರಬರುವಂತೆ ಸಮಯ ಇಟ್ಟುಕೊಂಡರೆ ನಮಾಝ್ ತಪ್ಪುವ ಆತಂಕವೇ ಇರುವುದಿಲ್ಲ.

ಖರ್ಚಿನ ವಿಷಯದಲ್ಲಿ ಕುರ್‌ಆನ್ ಎರಡೂ ತುದಿಗಳನ್ನು ತಡೆದಿದೆ. ದುಂದು ಸಲ್ಲದು, ಜಿಪುಣತನವೂ ಸಲ್ಲದು. ಸಾಲ ಮಾಡಿ ಸ್ಪಾಗೆ ಹೋಗುವುದು ಮೂರ್ಖತನ. ಹಾಗೆಂದು ಗೆಳೆಯರ ಜೊತೆ ಹೋಟೆಲಿನಲ್ಲಿ ಧಾರಾಳವಾಗಿ ಖರ್ಚು ಮಾಡುವವರು, ಮನೆಯವರ ಸೊಂಟ ನೋವಿನ ಮಾತು ಬಂದಾಗ ಮಾತ್ರ ಇಸ್ರಾಫ್ ಎಂದು ಉಪದೇಶಿಸುವುದು ನ್ಯಾಯವಲ್ಲ. ನಾವು ಖರ್ಚು ಮಾಡುವ ಹಣದಲ್ಲಿ ಮನೆಯವರಿಗಾಗಿ ಮಾಡಿದ್ದಕ್ಕೆ ಹೆಚ್ಚಿನ ಪ್ರತಿಫಲವಿದೆ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ತಲಕಾಡಿನ ಹೊಳೆ: ನೋಡಲು ಸಾಧು

ಸ್ಪಾಗೆ ಹೋಗಲಾಗದವರಿಗೂ ತಲಕಾಡಿನಲ್ಲಿ ನೀರಿದೆ, ನೆರಳಿದೆ, ಕಾಸಿಲ್ಲದೆ ಸಿಗುವ ಗಾಳಿಯಿದೆ. ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ದೊಡ್ಡದಾಗಿ ತಿರುವು ಪಡೆಯುವ ಕಡೆ ಈ ಊರಿದೆ. ಗಂಗರ ರಾಜಧಾನಿಯಾಗಿದ್ದ ಊರು. ಆಮೇಲೆ ಚೋಳರು ಬಂದರು, ಅವರ ನಂತರ ಹೊಯ್ಸಳ ವಿಷ್ಣುವರ್ಧನ. ಇಂದು ಹಳೆಯ ಊರಿನ ಬಹುಭಾಗ ಮರಳ ದಿಬ್ಬಗಳ ಅಡಿಯಲ್ಲಿದೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯೇನಾಯಿತೆಂದು ನೋಡಲು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಮೂರು ರಾಜವಂಶಗಳು ಆಳಿದ ನೆಲವನ್ನು ಗಾಳಿ ಹೊತ್ತುತಂದ ಮರಳು ಮುಚ್ಚಿರುವುದನ್ನು ಮಕ್ಕಳಿಗೆ ತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಆದರೆ ಹೊಳೆಯ ವಿಷಯದಲ್ಲಿ ಮೈಮರೆಯಬಾರದು. ತಲಕಾಡು ಮರಳಾದ ಬಗ್ಗೆ ಜನ ಹೇಳುವ ಶಾಪದ ಕಥೆಯಲ್ಲೇ, ಎದುರಿನ ಮಾಲಂಗಿ ಮಡುವಾಯಿತೆಂಬ ಮಾತೂ ಸೇರಿದೆ. ಶಾಪವನ್ನು ನಂಬಬೇಕಿಲ್ಲ. ಒಂದು ದಡದಲ್ಲಿ ಮರಳು ಕೂಡುವ ಹೊಳೆ ಇನ್ನೊಂದು ದಡವನ್ನು ಆಳವಾಗಿ ಕೊರೆಯುತ್ತದೆ ಎಂಬ ಅನುಭವ ಆ ಮಾತಿನಲ್ಲಿದೆ. ತಿರುವಿನ ಒಳಬದಿಯಲ್ಲಿ ನೀರು ನಿಧಾನ, ಮರಳು ಕೂಡುತ್ತದೆ. ಹೊರಬದಿಯಲ್ಲಿ ಸೆಳೆತ ಹೆಚ್ಚು, ಆಳವೂ ಹೆಚ್ಚು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಯಲ್ಲೇ ತಳ ಸಿಗದಿರಬಹುದು. ಮರಳು ತೆಗೆದ ಗುಂಡಿಗಳಿದ್ದರೆ ಅವು ಮೇಲಿನಿಂದ ಕಾಣುವುದಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ. ನಂಜನಗೂಡಿನ ಮೇಲೆ ಹರಿದುಬರುವ ಕಪಿಲೆ, ಅಂದರೆ ಕಬಿನಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ತಲಕಾಡು ಅದಕ್ಕೂ ಕೆಳಗಿದೆ. ಹಾಗಾಗಿ ಕನ್ನಂಬಾಡಿಯ ಕೆ.ಆರ್.ಎಸ್. ಅಣೆಕಟ್ಟೆಯಿಂದ ಬಿಟ್ಟ ನೀರೂ, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರೂ ಇಲ್ಲಿಗೇ ಬರುತ್ತದೆ. ತಲಕಾಡಿನಲ್ಲಿ ಬಿಸಿಲು ಹೊಡೆಯುತ್ತಿದ್ದರೂ, ವಯನಾಡು ಅಥವಾ ಕೊಡಗಿನಲ್ಲಿ ಸುರಿದ ಮಳೆಯಿಂದ ಇಲ್ಲಿನ ಹೊಳೆ ಏರಬಹುದು. ಪತ್ರಿಕೆಯಲ್ಲಿ ಬರುವ ‘ಹೊರಹರಿವು’ ಎಂಬ ಅಂಕಿಯನ್ನು ಹೊರಡುವ ದಿನ ನೋಡಿಕೊಳ್ಳಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊರಹರಿವು 10,000 ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೂ ಎರಡೂ ಮುಕ್ಕಾಲು ಲಕ್ಷ ಲೀಟರಿಗಿಂತ ಹೆಚ್ಚು ನೀರು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಡದಲ್ಲಿ ಕೂತು ನೋಡುವುದೇ ಸರಿ.

ನಮ್ಮ ಹೆಣ್ಣುಮಕ್ಕಳಿಗೆ ಒಂದು ವಿಶೇಷ ಎಚ್ಚರಿಕೆ. ಬುರ್ಖಾ, ಅಗಲ ದುಪಟ್ಟಾ, ಸೀರೆ ನೀರು ಕುಡಿದರೆ ಬಹಳ ಭಾರವಾಗುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ. ಈಜು ಬಂದವರಿಗೂ ಆಗ ಕೈಕಾಲು ಆಡಿಸುವುದು ಕಷ್ಟ. ಒದ್ದೆ ಬಟ್ಟೆ ಮೈಗೆ ಅಂಟಿದರೆ ಪರ್ದಾದ ಉದ್ದೇಶವೂ ಉಳಿಯುವುದಿಲ್ಲ. ದಡದಲ್ಲಿ ಕೂತು ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಿಟ್ಟುಕೊಂಡರೂ ದಣಿವು ಆರುತ್ತದೆ. ಮೈತುಂಬ ಸ್ನಾನ ಉಳಿದುಕೊಂಡ ಕೋಣೆಯಲ್ಲಿ ಆಗಲಿ. ತೆಪ್ಪದಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಇಲ್ಲದ ತೆಪ್ಪ ಬೇಡ. ಮಕ್ಕಳು ಹಟ ಮಾಡಿದರೂ ಬೇಡ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂರು ನಾಲ್ಕು ಜನ ಹೋದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ದಡದಿಂದಲೇ ಹಗ್ಗ, ಉದ್ದದ ಕೋಲು, ಗಂಟು ಹಾಕಿದ ದುಪಟ್ಟಾ, ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆಯಿರಿ. ಸ್ಥಳೀಯರನ್ನು ಕೂಗಿ, 112ಕ್ಕೆ ಕರೆ ಮಾಡಿ. ಮುಳುಗಿ ಸತ್ತವರಿಗೆ ಶಹೀದರ ಪ್ರತಿಫಲ ಇದೆ ಎಂದು ಹದೀಸಿನಲ್ಲಿ ಬಂದಿರುವುದು ದುಃಖದಲ್ಲಿರುವವರಿಗೆ ಸಮಾಧಾನ. ಅದು ಅಜಾಗರೂಕತೆಗೆ ಪರವಾನಗಿಯಲ್ಲ. ನಿಮ್ಮ ಕೈಯಿಂದಲೇ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬೇಡಿ ಎಂಬುದು ಕುರ್‌ಆನಿನ ಆದೇಶ.

ಮರಳ ಮೇಲಿನ ನಮಾಝ್

“ಇಷ್ಟೊಂದು ಮರಳಿದೆಯಲ್ಲ, ತಯಮ್ಮುಮ್ ಮಾಡಿದರೆ ಆಗದೇ?” ಎಂದು ಮಕ್ಕಳು ಕೇಳಬಹುದು. ಆಗದು. ತಯಮ್ಮುಮ್ ಇರುವುದು ನೀರು ಸಿಗದವರಿಗೆ, ಇಲ್ಲವೇ ನೀರು ಬಳಸಿದರೆ ಕಾಯಿಲೆ ಹೆಚ್ಚಾಗುವವರಿಗೆ. ಕಾವೇರಿ ಕಣ್ಣ ಮುಂದೆ ಹರಿಯುತ್ತಿರುವಾಗ ವುಝೂವೇ ಮಾಡಬೇಕು. ಹೊಳೆಯ ದಡದಲ್ಲಿದ್ದರೂ ವುಝೂಗೆ ನೀರು ಪೋಲು ಮಾಡಬಾರದೆಂಬ ಉಪದೇಶ ಇಬ್ನು ಮಾಜಾ ಸಂಗ್ರಹದಲ್ಲಿ ಬಂದಿದೆ. ಕಾಯಿಲೆಯವರು ತಯಮ್ಮುಮ್ ಮಾಡುವುದಾದರೆ ಹನಫಿ ಮದ್ಸ್‌ಹಬ್‌ನಲ್ಲಿ ಶುದ್ಧ ಮರಳು ಸಾಕು. ಶಾಫಿಈ ಮದ್ಸ್‌ಹಬ್‌ನಲ್ಲಿ ಕೈಗೆ ಹತ್ತುವ ಧೂಳು ಇರುವ ಮಣ್ಣು ಬೇಕು.

ನಮಾಝ್ ಕಸ್ರ್ ಮಾಡಬಹುದೇ? ಎಲ್ಲಿಂದ ಹೊರಟಿರಿ ಎಂಬುದರ ಮೇಲಿದೆ. ಹನಫಿ ಉಲಮಾಗಳು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 48 ಮೈಲು, ಅಂದರೆ ಸುಮಾರು 77 ಕಿ.ಮೀ. ದೂರವನ್ನು ಸಫರ್‌ನ ಗಡಿಯಾಗಿ ಹೇಳುತ್ತಾರೆ. ಮೈಸೂರಿನಲ್ಲೇ ಮನೆ ಇರುವವರು ತಲಕಾಡಿಗೆ ಹೋದರೆ ಮುಸಾಫಿರರಲ್ಲ, ಪೂರ್ತಿ ನಮಾಝ್ ಮಾಡಬೇಕು. ಸುಮಾರು 130 ಕಿ.ಮೀ. ದೂರದ ಬೆಂಗಳೂರಿನಿಂದ ಬಂದವರು ಮುಸಾಫಿರರು. ಝುಹರ್, ಅಸರ್, ಇಶಾದ ನಾಲ್ಕು ರಕಅತ್ ಅವರಿಗೆ ಎರಡಾಗುತ್ತದೆ. ಫಜ್ರ್ ಮತ್ತು ಮಗ್ರಿಬ್ ಬದಲಾಗುವುದಿಲ್ಲ. ಊರಿನ ಇಮಾಮರ ಹಿಂದೆ ನಿಂತರೆ ಪೂರ್ತಿ ಮಾಡಬೇಕು. ಸಫರ್‌ನಲ್ಲಿ ಝುಹರ್-ಅಸರ್ ಒಟ್ಟಿಗೆ ಮಾಡುವ ಅನುಮತಿ ಶಾಫಿಈಗಳಲ್ಲಿದೆ. ಹನಫಿಗಳು ಆಯಾ ಸಮಯದಲ್ಲೇ ಮಾಡುತ್ತಾರೆ.

ಭೂಮಿಯನ್ನೆಲ್ಲ ಈ ಉಮ್ಮತ್‌ಗೆ ನಮಾಝ್‌ನ ಜಾಗವನ್ನಾಗಿ ಮಾಡಲಾಗಿದೆ. ಶುಚಿಯಾದ ಯಾವ ಮರಳ ಮೇಲಾದರೂ ನಿಲ್ಲಬಹುದು. ಇಲ್ಲಿಂದ ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕಿದೆ. ತಲಕಾಡಿನ ಮರಳು ಮಧ್ಯಾಹ್ನ ಪಾದ ಇಡಲಾಗದಷ್ಟು ಕಾಯುತ್ತದೆ. ಸಹಾಬಿಗಳು ಬಿಸಿ ನೆಲದ ಮೇಲೆ ಬಟ್ಟೆಯ ಅಂಚು ಹಾಸಿ ಸುಜೂದ್ ಮಾಡುತ್ತಿದ್ದರು. ಬಿಸಿಲು ತೀವ್ರವಾಗಿದ್ದಾಗ ಝುಹರ್ ಅನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಪ್ರವಾದಿ(ಸ)ರು ಹೇಳಿದ್ದಾರೆ. ಮರದ ನೆರಳಿನಲ್ಲಿ ಒಂದು ಚಾಪೆ, ದಾರಿಹೋಕರಿಗೆ ಅಡ್ಡಿಯಾಗದ ಒಂದು ಮೂಲೆ ಇದ್ದರೆ ಸಾಕು.

ವಿಶ್ರಾಂತಿ ಯಾರಿಗೆ?

ರಜಾ ದಿನಗಳಲ್ಲಿ ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಟೆಂಪೋ ಟ್ರಾವೆಲರ್ ಬಂದು ನಿಲ್ಲುತ್ತದೆ. ಗಂಡಸರು, ಮಕ್ಕಳು ನೀರಿನ ಕಡೆ ಓಡುತ್ತಾರೆ. ಹೆಂಗಸರು ಡೇಗ್ಚಿ, ಡಬ್ಬ, ಜಮಖಾನೆ ಇಳಿಸುತ್ತಾರೆ. ಬಿರಿಯಾನಿ ಬಿಸಿಯಾಗಿರಲೆಂದು ಅವರು ಫಜ್ರ್‌ಗೂ ಮುಂಚೆ ಎದ್ದಿರುತ್ತಾರೆ. ಉಳಿದವರು ನೀರಿನಲ್ಲಿರುವಾಗ ಅವರು ಚಪ್ಪಲಿ, ಮೊಬೈಲು, ಮಲಗಿದ ಮಗುವನ್ನು ಕಾಯುತ್ತಾರೆ. ಬಡಿಸುತ್ತಾರೆ, ಕೊನೆಗೆ ಉಣ್ಣುತ್ತಾರೆ, ಪಾತ್ರೆ ತೊಳೆಯುತ್ತಾರೆ. ರಾತ್ರಿ ಮನೆಗೆ ಬಂದ ಮೇಲೆ ಮರಳು ತುಂಬಿದ ಬಟ್ಟೆಯ ಗಂಟು ಬಿಚ್ಚುವವರೂ ಅವರೇ. ಮಾರನೆಯ ದಿನ ಎಲ್ಲರೂ “ಒಳ್ಳೆ ರೆಸ್ಟ್ ಆಯ್ತು” ಎನ್ನುತ್ತಾರೆ. ರೆಸ್ಟ್ ಆದದ್ದು ಯಾರಿಗೆ?

ಪ್ರವಾದಿ(ಸ)ರ ಪ್ರಯಾಣಗಳು ಹೇಗಿದ್ದವು ಎಂದು ನೋಡಿದರೆ ನಮ್ಮ ರೂಢಿಯ ಕೊರತೆ ಕಾಣುತ್ತದೆ. ಒಂದು ಪ್ರಯಾಣದಲ್ಲಿ ಅವರು ಸಂಗಡಿಗರನ್ನು ಮುಂದೆ ಹೋಗಲು ಹೇಳಿ, ಹಿಂದೆ ಉಳಿದು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದರು. ಪತ್ನಿಯ ಸಂತೋಷಕ್ಕೂ ಸಮಯ ಕೊಟ್ಟರು, ಆಕೆಯ ಮರೆಯನ್ನೂ ಕಾಪಾಡಿದರು. ಇನ್ನೊಮ್ಮೆ ಒಂಟೆ ಓಡಿಸುತ್ತಿದ್ದ ಅಂಜಶಾ(ರ) ಎಂಬವರಿಗೆ, ಮೇಲೆ ಕೂತ ಮಹಿಳೆಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ ನಿಧಾನವಾಗಿ ನಡೆಸಲು ಹೇಳಿದರು. ಹಝ್ರತ್ ಸಫಿಯ್ಯಾ(ರ) ಒಂಟೆ ಏರಲು ತಮ್ಮ ಮೊಣಕಾಲನ್ನೇ ಮೆಟ್ಟಿಲಾಗಿ ಇಟ್ಟರು. ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರು.

ಇದನ್ನು ಇಂದಿಗೆ ಅನ್ವಯಿಸುವುದು ಕಷ್ಟವೇನಲ್ಲ. ಹೊರಡುವ ದಿನ ಮನೆಯಲ್ಲಿ ಒಲೆ ಹಚ್ಚುವುದು ಬೇಡ. ಒಂದು ಹೊತ್ತು ಹೊರಗಿನ ಹಲಾಲ್ ಊಟ, ಇಲ್ಲವೇ ಬ್ರೆಡ್, ಮೊಟ್ಟೆ, ಬಾಳೆಹಣ್ಣು ಸಾಕು. ಅಡುಗೆ ಬೇಕೇ ಬೇಕೆಂದರೆ ಗಂಡಸರು ಮಾಡಲಿ, ಪಾತ್ರೆಯನ್ನೂ ಅವರೇ ತೊಳೆಯಲಿ. ತಲುಪಿದ ಮೇಲೆ ಎರಡು ಗಂಟೆ ತಾಯಂದಿರಿಗೇ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ನೀರಿನ ಹತ್ತಿರ ಮಕ್ಕಳ ಮೇಲೆ ಕಣ್ಣಿಡುವುದು ತಂದೆಯ ಪೂರ್ತಿ ಹೊಣೆ. ಮೊಬೈಲ್ ಜೇಬಿನಲ್ಲಿರಲಿ. “ಅಮ್ಮಿ ಎಲ್ಲಿ” ಎಂದು ಯಾರೂ ಕೂಗಬಾರದು. ಅವರು ಮಲಗಲಿ, ಮಾತಾಡಲಿ, ತಸ್ಬೀಹ್ ಹಿಡಿದು ಸುಮ್ಮನೆ ಹೊಳೆ ನೋಡಲಿ. ದಾದಿ-ನಾನಿಯರ ಮಂಡಿಗೆ ಮರಳ ದಿಬ್ಬ ಹತ್ತುವುದು ಆಗದು. ಅವರಿಗೆ ಮಡಚುವ ಕುರ್ಚಿ ಒಯ್ಯಿರಿ. ಸೊಂಟ ನೋವಿದ್ದವರಿಗೆ ಹಿಂದಿನ ರಾತ್ರಿ ಕೋಣೆಯಲ್ಲೇ ಮಗಳೋ ಸೊಸೆಯೋ ಬೆಚ್ಚಗಿನ ಎಣ್ಣೆ ಹಚ್ಚಿ, ಬಿಸಿನೀರು ಹುಯ್ಯಲಿ. ಅದಕ್ಕೆ ಯಾವ ಸ್ಪಾದ ಚೀಟಿಯೂ ಬೇಕಿಲ್ಲ. ಗಾಡಿಯ ಡ್ರೈವರನ್ನೂ ಮರೆಯಬೇಡಿ. ಅವರನ್ನು ಜೊತೆಗೇ ಊಟಕ್ಕೆ ಕೂರಿಸಿ, ಒಂದು ಗಂಟೆ ಮಲಗಲು ಬಿಡಿ. ಅವರ ದೇಹಕ್ಕೂ ಹಕ್ಕಿದೆ, ಹಿಂತಿರುಗುವ ದಾರಿಯಲ್ಲಿ ನಿಮ್ಮೆಲ್ಲರ ಜೀವ ಅವರ ಕಣ್ಣಿನಲ್ಲಿರುತ್ತದೆ.

ಮನೆಯ ಬಾಗಿಲಲ್ಲೇ ಹೊಳೆ ಹರಿಯುತ್ತಿದ್ದು ದಿನಕ್ಕೆ ಐದು ಸಲ ಅದರಲ್ಲಿ ಮಿಂದರೆ ಮೈಯಲ್ಲಿ ಕೊಳೆ ಉಳಿದೀತೇ ಎಂದು ಪ್ರವಾದಿ(ಸ)ರು ಸಹಾಬಿಗಳನ್ನು ಕೇಳಿದ್ದರು. ಐದು ಹೊತ್ತಿನ ನಮಾಝ್ ಪಾಪಗಳನ್ನು ತೊಳೆಯುವ ಬಗೆಯನ್ನು ಅವರು ಹಾಗೆ ವಿವರಿಸಿದರು. ಹೊಳೆಯ ಸ್ನಾನ ಎಷ್ಟು ಹಿತವೆಂದು ಬಲ್ಲವರಿಗೇ ಆ ಹೋಲಿಕೆ ಪೂರ್ತಿ ತಿಳಿದೀತು. ಕಾವೇರಿಯ ದಡದಲ್ಲಿ ವುಝೂ ಮಾಡುವಾಗ ಮಕ್ಕಳಿಗೆ ಈ ಹದೀಸ್ ಹೇಳಿ. ಅವರು ಮರೆಯುವುದಿಲ್ಲ.

ರಜೆ ಮುಗಿದ ಮೇಲೆ ಆ ಸಹೋದರರು ಮತ್ತೆ ಜುಮಾಕ್ಕೆ ಬಂದಿದ್ದರು. ಸ್ಪಾ ಏನಾಯಿತೆಂದು ಇಮಾಮರು ವಿಚಾರಿಸಿದರು. ಹೋಗಲಿಲ್ಲವಂತೆ. ಫೋನಿನಲ್ಲಿ ಕೇಳಿದಾಗ ಮಹಿಳಾ ಸಿಬ್ಬಂದಿ ಆ ದಿನ ರಜೆ ಎಂದರಂತೆ. ಮಗಳೇ ಎಣ್ಣೆ ಹಚ್ಚಿದಳಂತೆ. ತಲಕಾಡಿನಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ದಿಬ್ಬ ಹತ್ತಿ ಇಳಿದು ಬರುವಷ್ಟರಲ್ಲಿ ಮನೆಯವರು ಮರದ ನೆರಳಿನಲ್ಲಿ ಗಾಢ ನಿದ್ದೆಯಲ್ಲಿದ್ದರು.

“ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು ಹಝ್ರತ್. ಹಗಲು ಹೊತ್ತು ಅವರು ಮಲಗಿದ್ದನ್ನು ನಾನು ಕಂಡದ್ದು ಕಾಯಿಲೆ ಬಿದ್ದಾಗ ಮಾತ್ರ.”

“ಅಮ್ಮಿಯವರು ಏನೂ ಅನ್ನಲಿಲ್ಲವೇ?”

“ಅಮ್ಮಿಯೇ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದರು. ನಾವು ಹತ್ತಿರ ಬಂದಾಗ ಬಾಯಿಗೆ ಬೆರಳಿಟ್ಟು, ಸದ್ದು ಮಾಡಬೇಡಿ ಅಂದರು.”

ನಮ್ಮ ಮೇಲಿರುವ ಪ್ರತಿಯೊಬ್ಬರ ಹಕ್ಕನ್ನೂ ಅರಿತು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.